ಒರೆಸದೆ ಉಳಿದ ಕುಂಕುಮ

ಕಣ್ಣಾಸ್ಪತ್ರೆಯಲ್ಲಿ ಅವಳ ಕೆಲಸ ಇಷ್ಟೇ. ಬಂದವರ ಗದ್ದವನ್ನು ಕಣ್ಣು ಪರೀಕ್ಷಿಸುವ ಮೆಷಿನ್ನಿನ ಮೇಲಿಡಿಸುವುದು, ಹಣೆಯನ್ನು ಮೇಲಿನ ಪಟ್ಟಿಗೆ ಒತ್ತಿಸುವುದು, ಅವರು ಎದ್ದ ಮೇಲೆ ಆ ಪಟ್ಟಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸುವುದು. ವಿಭೂತಿ, ನಾಮ, ಗಂಧ, ಕುಂಕುಮ, ದೇವರುಗಳೆಲ್ಲ ಒಂದೇ ಹತ್ತಿಗೆ ಬರುತ್ತಿದ್ದರು. ಅವಳದ್ದು ಮಾತ್ರ ಬರಿ ಹಣೆ. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಅಳು ಮೊದಲ ವಾರದಲ್ಲೇ ನಿಂತಿತ್ತು. ಅದರ ಜೊತೆಗೆ ಉಳಿದದ್ದೆಲ್ಲವೂ ನಿಂತುಹೋಗಿತ್ತು.

ತಿಂಗಳಿಗೊಮ್ಮೆ ಮೆಷಿನ್ ನೋಡಲು ಬರುವ ಮೆಕ್ಯಾನಿಕ್‌ಗೆ ಬಾಯಿ ಸುಮ್ಮನಿರದು. ಸ್ಕ್ರೂ ಬಿಗಿಯುತ್ತಲೇ ಸಲಕ್ಕೊಂದು ಹಣೆಯ ಗುರುತಿನ ಅರ್ಥ ಕೇಳುತ್ತಿದ್ದ. ವಿಭೂತಿ ಎಂದರೆ ಕೊನೆಗೆ ಎಲ್ಲರೂ ಬೂದಿಯೇ ಅನ್ನುವ ನೆನಪು ಎಂದಳು. ನಾಮ ದೇವರ ಪಾದ. ಗಂಧ ಹುಬ್ಬುಗಳ ನಡುವೆ ತಂಪಿಗೆ, ಮನಸ್ಸು ಅಲ್ಲಿ ನಿಲ್ಲುತ್ತದಂತೆ. ಕುಂಕುಮದ ಸರದಿ ಬಂದಾಗ, ಅದನ್ನು ಇಟ್ಟುಕೊಂಡವರನ್ನೇ ಕೇಳಿ ಎಂದು ಹೊರಗೆ ಹೋಗಿಬಿಟ್ಟಳು.

ಹೋದ ತಿಂಗಳು ಒಂದು ಎಡವಟ್ಟಾಯಿತು. ಫೋಕಸ್ ನೋಡಬೇಕು, ಒಂದು ನಿಮಿಷ ಕೂತ್ಕೊಳ್ಳಿ ಎಂದ. ಕೊನೆಗೆ ಬಂದಿದ್ದ ಅಜ್ಜಿಯ ಕುಂಕುಮ ಒರೆಸುವುದನ್ನು ಅವಳು ಮರೆತಿದ್ದಳು. ಕೂತಳು, ಹಣೆ ಒತ್ತಿದಳು, ಹಾಗೇ ಮನೆಗೆ ಹೋದಳು. ಬಾಗಿಲು ತೆಗೆದ ಅತ್ತೆ ನೋಡುತ್ತಲೇ ನಿಂತರು. ಕನ್ನಡಿಯಲ್ಲಿ ಹಣೆಯ ಕೆಂಪು ಕಂಡದ್ದೇ ಅವಳ ಕೈ ಸೆರಗಿಗೆ ಹೋಯಿತು.

"ಇರಲಿ ಬಿಡೇ," ಎಂದರು ಅತ್ತೆ. "ಎಳೇ ಕೂಸಾಗಿದ್ದಾಗಿಂದ ಇಟ್ಕೊಂಡಿದ್ದು ನೀನು. ನನ್ನ ಮಗ ತಂದುಕೊಟ್ಟಿದ್ದಲ್ಲ, ಅವನು ತಗೊಂಡು ಹೋಗೋಕೆ."

ಅವಳು ಒರೆಸಿಯೇಬಿಟ್ಟಳು. ಮಾರನೆಯ ದಿನ ಅತ್ತೆ ಕಟ್ಟಿಕೊಟ್ಟ ಊಟದ ಚೀಲದಲ್ಲಿ ಸ್ಟಿಕ್ಕರ್ ಬೊಟ್ಟಿನ ಹಾಳೆಯೊಂದಿತ್ತು. ಅದನ್ನು ಬಳಸಲೂ ಇಲ್ಲ, ಬಿಸಾಡಲೂ ಇಲ್ಲ.

ಈ ತಿಂಗಳು ಮೆಕ್ಯಾನಿಕ್ ಬಂದವನೇ, ತನಗೆ ಬೇರೆ ಊರಿಗೆ ವರ್ಗವಾಗಿದೆ, ಇದೇ ಕೊನೇ ಸಲ ಎಂದ. ಅವಳು ಕೇಳಬೇಕೆಂದಿದ್ದನ್ನು ಕೇಳಿದಳು.

"ಅವತ್ತು ನನ್ನ ಹಣೆ ನೋಡಿದ್ರಾ?"

"ನೋಡಿದೆ."

"ಹೇಳಬಾರದಿತ್ತಾ?"

"ಹೇಳಿದ್ರೆ ಒರೆಸ್ಕೋತಿದ್ರಿ." ಅವನ ಕಿವಿ ಕೆಂಪಾಯಿತು. ಸ್ಪ್ಯಾನರನ್ನು ಕೆಳಗಿಟ್ಟು, ಮತ್ತೆ ಕೈಗೆತ್ತಿಕೊಂಡು, "ನನ್ನನ್ನ ಮದುವೆ ಆಗ್ತೀರಾ?" ಎಂದ.

ಅವಳು ತನ್ನೊಳಗೆಲ್ಲ ತಡಕಾಡಿದಳು. ಏನೂ ಅಲುಗಲಿಲ್ಲ. ಸುಳ್ಳಾಡಲು ಮನಸ್ಸು ಬರಲಿಲ್ಲ. "ನೀವು ಒಳ್ಳೆಯವರು. ಆದ್ರೆ ನನಗೆ ಏನೂ ಅನ್ನಿಸ್ತಾನೇ ಇಲ್ಲ. ಕಲ್ಲಾಗಿಬಿಟ್ಟಿದೀನಿ."

ಅವನು ಒತ್ತಾಯ ಮಾಡಲಿಲ್ಲ. ಹಾಗಾದರೆ ಫೋಕಸ್ ನೋಡಿ ಹೊರಡುತ್ತೇನೆ ಎಂದ. ಅವಳು ಈ ಸಲ ನೆನಪಿನಿಂದ ಪಟ್ಟಿ ಒರೆಸಿ, ಗದ್ದ ಇಟ್ಟು, ಹಣೆ ಒತ್ತಿದಳು. ಬೆಳಕಿನ ಗೆರೆ ಕಣ್ಣಿಗೆ ಬಿತ್ತು. ಆ ಕಡೆಯಿಂದ ನೋಡುತ್ತಿದ್ದವನ ಕೈ ಫೋಕಸ್ ತಿರುಗಿಸುವ ಗುಂಡಿಯ ಮೇಲೆ ನಿಂತುಬಿಟ್ಟಿತು.

"ಯಾಕೆ, ಸರಿಯಿಲ್ವಾ?"

"ಮೆಷಿನ್ ಸರಿಯಾಗಿದೆ," ಎಂದ ಮೆಲ್ಲಗೆ. "ನಿಮ್ಮ ಕಣ್ಣು ತುಂಬಿದೆ."

ಕೆನ್ನೆ ಮುಟ್ಟಿ ನೋಡಿಕೊಂಡಳು. ಒದ್ದೆಯಾಗಿತ್ತು. ಯಾವಾಗ ಶುರುವಾಯಿತೋ ಅವಳಿಗೇ ಗೊತ್ತಾಗಿರಲಿಲ್ಲ. ಊಟದ ಚೀಲ ಎಳೆದು ಆ ಹಾಳೆ ತೆಗೆದಳು. ಕನ್ನಡಿಯಿಲ್ಲದೆ ಒಂದನ್ನು ಬಿಡಿಸಿ ಹಣೆಗೆ ಒತ್ತಿದಳು. ಬೊಟ್ಟು ಎಲ್ಲೋ ಹೋಗಿ ಕೂತಿತು.

"ನೆಟ್ಟಗಿದೆಯಾ?"

ಅವನು ಮೆಷಿನ್ನನ್ನು ಪಕ್ಕಕ್ಕೆ ಸರಿಸಿ, ಬರಿಗಣ್ಣಿನಲ್ಲಿ ನೋಡಿದ.

"ಸ್ವಲ್ಪ ವಾರೆ," ಎಂದ. "ಇರಲಿ ಬಿಡಿ."