ಹದಿನೇಳು ಒಂದುಗಳು

"ಇಪ್ಪತ್ತು ಲಕ್ಷದ ಎಪ್ಪತ್ತೊಂದು ಸಾವಿರದ ಏಳುನೂರ ಇಪ್ಪತ್ಮೂರು," ಎಂದಿತು ಮೇಜಿನ ಮೇಲಿದ್ದ ಉತ್ತರದೀಪ. ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಕೇಳುವ ಮೊದಲೇ ಹೇಳುವುದೇ ಅದರ ಹೆಚ್ಚುಗಾರಿಕೆ.

ಪ್ರಶ್ನೆಯೊಂದರ ಮುಂದೆ ಮನುಷ್ಯ ತಡವರಿಸಿದಾಗ ಮಿದುಳಿನಲ್ಲಿ ಸೂಕ್ಷ್ಮ ವಿದ್ಯುತ್ ಅಲೆಗಳು ಏಳುತ್ತವೆ. ಉತ್ತರದೀಪ ಅವನ್ನು ಗ್ರಹಿಸಿ, ಪ್ರಶ್ನೆಯನ್ನು ಊಹಿಸಿ, ಉತ್ತರವನ್ನು ಗಟ್ಟಿಯಾಗಿ ಹೇಳುತ್ತಿತ್ತು. ಅದನ್ನು ರೂಪಿಸಿದ ವಿಜ್ಞಾನಿ ಡಾ. ಶಾಲ್ಮಲಾ ದೇಸಾಯಿ ಮೊದಲ ಪರೀಕ್ಷೆಗೆ ಹುಬ್ಬಳ್ಳಿಯ ತನ್ನ ನೆರೆಮನೆಯನ್ನೇ ಆರಿಸಿಕೊಂಡಿದ್ದಳು. ಅಲ್ಲಿ ರೈಲ್ವೆ ವರ್ಕ್‌ಶಾಪಿನ ನಿವೃತ್ತ ಫಿಟ್ಟರ್ ಫಕೀರಪ್ಪ ಹೂಗಾರ ದಿನವೂ ಬೆಳಿಗ್ಗೆ ಹುಬ್ಬು ಗಂಟಿಕ್ಕಿ ಭಾಗಾಕಾರ ಮಾಡುತ್ತಿದ್ದರು. ನೋಡಿ ಅವಳಿಗೆ ಅಯ್ಯೋ ಎನಿಸಿತ್ತು.

"ಉತ್ತರ ಬರೋಬರಿ ಅದ ಅಲ್ರೀ, ಕಾಕಾ?" ಎಂದಳು ಹಿಗ್ಗಿನಿಂದ.

ಫಕೀರಪ್ಪ ಪೆನ್ಸಿಲ್ ಕೆಳಗಿಟ್ಟರು. "ಬರೋಬರಿನ ಇರಬೇಕ್ರಿ ಬಾಯಾರ. ಚಾ ಕುಡಿಯಾಕಂತ ನಿಂತಿದ್ದೆ. ಈ ಲೆಕ್ಕದ ಉತ್ತರ ಸಿಗತೈತೋ ಇಲ್ಲೋ ಅಂತ ಒಂದೀಟು ಅನಿಸ್ತು, ಅಷ್ಟ."

ಅವರ ಲೆಕ್ಕ ಇಷ್ಟೇ. ಹದಿನೇಳು ಒಂದುಗಳನ್ನು ಸಾಲಾಗಿ ಬರೆದರೆ ಒಂದು ದೊಡ್ಡ ಸಂಖ್ಯೆಯಾಗುತ್ತದೆ. ಒಂದನ್ನೂ ಆ ಸಂಖ್ಯೆಯನ್ನೂ ಬಿಟ್ಟು, ಅದನ್ನು ಶೇಷ ಉಳಿಯದಂತೆ ಭಾಗಿಸುವ ಬೇರೆ ಭಾಜಕ ಇದೆಯೇ? ಇದ್ದರೆ, ಮೂವತ್ನಾಲ್ಕನ್ನು ಯಾವುದಾದರೂ ಸಂಖ್ಯೆಯಿಂದ ಗುಣಿಸಿ ಒಂದು ಕೂಡಿಸಿದಾಗ ಬರುವಂಥದ್ದೇ ಆಗಿರಬೇಕು. ಹಾಗೆ ಮೂವತ್ತೈದು, ಅರವತ್ತೊಂಬತ್ತು, ನೂರಾ ಮೂರು ಎಂದು ದಿನಕ್ಕೆ ಐದರಂತೆ ಮೂವತ್ಮೂರು ವರ್ಷಗಳಿಂದ ಭಾಗಿಸುತ್ತ ಬಂದಿದ್ದರು. ಕಂಪ್ಯೂಟರಿಗೆ ಇದು ಕ್ಷಣದ ಕೆಲಸವೆಂದು ಅವರಿಗೂ ಗೊತ್ತಿತ್ತು. ಅದಕ್ಕೇ ಅದರ ಹತ್ತಿರ ಹೋಗಿರಲಿಲ್ಲ.

ಶಾಲ್ಮಲಾ ನೋಟ್‌ಬುಕ್ಕಿನ ಕೊನೆಯ ಸಾಲು ನೋಡಿದಳು. ಅರವತ್ತು ಸಾವಿರದ ಒಂಬೈನೂರ ಇಪ್ಪತ್ತೊಂದನೆಯ ಭಾಗಾಕಾರ. ದೀಪ ಹೇಳಿದ್ದು ಅರವತ್ತು ಸಾವಿರದ ಒಂಬೈನೂರ ಮೂವತ್ಮೂರನೆಯದು. ಇನ್ನು ಹನ್ನೆರಡೇ ಉಳಿದಿದ್ದವು. ಮೂರು ದಿನದ ಕೆಲಸ.

ಅವಳು ದೀಪವನ್ನು ಆರಿಸಿದಳು. "ತಪ್ಪಾತ್ರಿ ಕಾಕಾ."

"ನಿಮ್ಮದೇನ್ರಿ ತಪ್ಪು? ಚಾ ತಗೋರಿ," ಎಂದು ಅವರು ಕಪ್ಪು ಮುಂದಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂದು ಪರೀಕ್ಷಾ ವರದಿಯಲ್ಲಿ "ಯಶಸ್ವಿ" ಎಂದು ಬರೆಯಲು ಅವಳಿಗೆ ಕೈ ಏಳಲಿಲ್ಲ.

ಒಂದು ತಿಂಗಳು ಫಕೀರಪ್ಪ ನೋಟ್‌ಬುಕ್ ಮುಟ್ಟಲಿಲ್ಲ. ಜಗಲಿಯ ಮೇಲೆ ಸುಮ್ಮನೆ ಕುಳಿತಿರುತ್ತಿದ್ದರು. ಶಾಲ್ಮಲಾ ಅವರ ಕಣ್ಣು ತಪ್ಪಿಸಿ ಓಡಾಡಿದಳು. ಕೊನೆಗೊಂದು ಭಾನುವಾರ ಅವರೇ ಕಾಂಪೌಂಡಿನಾಚೆಯಿಂದ ಕರೆದರು.

"ಹೊಸಾದು ಹಿಡದೀನ್ರಿ ಬಾಯಾರ. ಹತ್ತೊಂಬತ್ತು ಒಂದು! ದೀಪ ಬ್ಯಾಡ್ರಿ, ನೀವ ಬರ್ರಿ ತಾಳೆ ನೋಡಾಕ. ಇದರಾಗ ಸಿಗತೈತಲ್ರಿ?"

ಹತ್ತೊಂಬತ್ತು ಒಂದುಗಳ ಸಂಖ್ಯೆ ಅವಿಭಾಜ್ಯ. ಒಂದನ್ನೂ ತನ್ನನ್ನೂ ಬಿಟ್ಟರೆ ಅದನ್ನು ಭಾಗಿಸುವುದು ಯಾವುದೂ ಇಲ್ಲ. ಶಾಲ್ಮಲಾಗೆ ಅದು ಗೊತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತು.

"ಹುಡುಕೋಣ್ರಿ, ಕಾಕಾ," ಎಂದಳು.

ಈಗ ಪ್ರತಿ ಭಾನುವಾರ ಅವಳು ಅವರ ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಕೂರುತ್ತಾಳೆ. "ಇದೂ ಅಲ್ಲ ಬಿಡ್ರಿ, ಮುಂದಿಂದು ನೋಡೂಣು," ಎನ್ನುತ್ತಾರೆ ಫಕೀರಪ್ಪ, ಹುರುಪಿನಿಂದ. ಅವಳು ತಲೆ ತಗ್ಗಿಸಿ ಮುಂದಿನದನ್ನು ಭಾಗಿಸುತ್ತಾಳೆ.