ಏನು ಸೊನ್ನೆ?

“ಅಯ್ಯೋ, ಬ್ಯಾಡ್ ಅಂತ ಬಂತು! ಮುಗೀತು ನನ್ನ ಕತೆ!” ಗಡಿಬಿಡಿ ಕುರ್ಚಿಯ ಮೇಲೇ ಕುಣಿದಾಡಿದಳು.

ಮನೆಯವರೆಲ್ಲ ಅವಳನ್ನು ಗಡಿಬಿಡಿ ಅಂತಲೇ ಕರೆಯುತ್ತಿದ್ದರು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವ ಹುಡುಗಿ ಅವಳು.

ಬೆಳಿಗ್ಗೆ ಕರೆಂಟ್ ಹೋಗಿ ಕಂಪ್ಯೂಟರ್ ತಟ್ಟನೆ ಆಫ್ ಆಗಿತ್ತು. ಮತ್ತೆ ಆನ್ ಮಾಡಿದರೆ ತನ್ನ ಡಿಸ್ಕನ್ನು ತಾನೇ ತಪಾಸಣೆ ಮಾಡತೊಡಗಿತು. ಅದರಲ್ಲೇ ಅವಳ ಮಣ್ಣಿನ ಆನೆಯ ಸಿನಿಮಾ ಇದ್ದದ್ದು! ರಜೆಯೆಲ್ಲ ಆನೆಯ ಕಾಲನ್ನು ಚೂರುಚೂರೇ ಸರಿಸಿ ಫೋಟೋ ತೆಗೆದು ಮಾಡಿದ ಸಿನಿಮಾ. ಮಧ್ಯಾಹ್ನ ಕ್ಲಾಸಿನಲ್ಲಿ ತೋರಿಸಬೇಕು. ಬೇರೆ ಕಾಪಿ ಇರಲಿಲ್ಲ.

ಅಣ್ಣ ಕಿಟಕಿಯ ಬಳಿ ಬಾಲನ್ನು ಮೇಲೆಸೆದು ಹಿಡಿಯುತ್ತಿದ್ದ. ನಿನ್ನೆ ಮ್ಯಾಚಿನಿಂದ ಬಂದವನು “ಕೊನೇ ಓವರ್‌ನಲ್ಲಿ ಸೊನ್ನೆ…” ಎಂದದ್ದೇ ತಡ, ಇವಳು “ಸೊನ್ನೆ ಅಣ್ಣ! ಸೊನ್ನೆ ಅಣ್ಣ!” ಎಂದು ಮನೆಯೆಲ್ಲ ಓಡಾಡಿದ್ದಳು. ಅವನು ಆಗಿನಿಂದ ಮಾತು ಬಿಟ್ಟಿದ್ದ.

ಗಡಿಬಿಡಿ ಅತ್ತೆಗೆ ಫೋನ್ ಮಾಡಿದಳು. ಅತ್ತೆಯದು ಕಂಪ್ಯೂಟರ್ ರಿಪೇರಿ ಅಂಗಡಿ.

“ಅತ್ತೇ, ಡಿಸ್ಕ್ ಬ್ಯಾಡ್ ಅಂತೆ!”

“ಮೊದಲು ಉಸಿರು ಬಿಡೇ. ಇಡೀ ಸಾಲು ಓದು.”

“ಅದೇ, ಬ್ಯಾಡ್ ಸೆಕ್ಟರ್ಸ್ ಅಂತ ಇದೆ!”

“ಅದಕ್ಕೆ ಮುಂಚೆ ಏನಿದೆ?”

ಗಡಿಬಿಡಿ ಪರದೆಗೆ ಮೂಗು ತಾಗಿಸಿ ಓದಿದಳು. “ಸೊನ್ನೆ ಕೆಬಿ… ಸೊನ್ನೆ ಬಂದಿದೆ ಅತ್ತೆ! ಫೇಲ್!”

ಅತ್ತೆ ಬಿದ್ದು ಬಿದ್ದು ನಕ್ಕರು. “ಲೇ ಪೆದ್ದಿ, ಅದೇನು ಮಾರ್ಕ್ಸಾ? ಡಿಸ್ಕಲ್ಲಿ ಕೆಟ್ಟುಹೋದ ಜಾಗ ಎಷ್ಟಿದೆ ಅಂತ ಎಣಿಸಿದೆ. ಎಷ್ಟಂತೆ?”

“ಸೊನ್ನೆ… ಅಂದ್ರೆ, ಒಂಚೂರೂ ಕೆಟ್ಟಿಲ್ವಾ?”

“ಇಲ್ಲ. ಈಗ ಸಿನಿಮಾ ಹಾಕಿ ನೋಡು.”

ಗಡಿಬಿಡಿ ಸಿನಿಮಾದ ಮೇಲೆ ಒತ್ತಿದಳು. ಆನೆ ಸೊಂಡಿಲೆತ್ತಿತು. ತೂಗಾಡುತ್ತ ನಡೆಯಿತು. ಕೊನೆಯವರೆಗೂ ನಡೆಯಿತು!

“ಇದೆ! ಪೂರ್ತಿ ಇದೆ! ಕೆಟ್ಟಿದ್ದೆಷ್ಟು? ಸೊನ್ನೆ!” ಗಡಿಬಿಡಿ ಕಾಲಿನಿಂದ ನೆಲ ಒದ್ದಳು. ಕುರ್ಚಿ ಗಿರ್ರನೆ ತಿರುಗಿತು. “ಸೊನ್ನೆ! ಸೊನ್ನೆ! ಸೊ…”

ಕಿಟಕಿಯ ಕಡೆಗೆ ತಿರುಗಿದಾಗ ಕಾಲೂರಿ ಕುರ್ಚಿ ನಿಲ್ಲಿಸಿದಳು. ಅಣ್ಣ ಟೀಮಿನ ಬೌಲರ್ ಅಲ್ಲವೇ?

“ಅಣ್ಣಾ… ನಿನ್ನೆ ಸೊನ್ನೆ ಅಂದ್ಯಲ್ಲ. ಏನು ಸೊನ್ನೆ?”

ಬಾಲು ಅವನ ಅಂಗೈಯಲ್ಲೇ ಉಳಿಯಿತು.

“ನಾನು ಕೊಟ್ಟ ರನ್ನು,” ಎಂದ.

ಫೋನಿನಲ್ಲಿ ಅತ್ತೆ “ಹಲೋ, ಹಲೋ” ಎನ್ನುತ್ತಲೇ ಇದ್ದರು. ಗಡಿಬಿಡಿ ಕುರ್ಚಿಯಿಂದ ಇಳಿದು ಅಣ್ಣನ ಪಕ್ಕದಲ್ಲಿ ಹೋಗಿ ನಿಂತಳು.

“ಆರು ಬಾಲಿಗೂ? ಮೊದಲಿಂದ ಹೇಳಣ್ಣ. ನಾನು ಮಧ್ಯೆ ಬಾಯಿ ಹಾಕಲ್ಲ.”