ನಡುನೀರಿನಲ್ಲಿ ನಿಂತ ಬೋಟು

"ಮೊದಲು ಕೂತ್ಕೊಳ್ರೀ!"

ಮೈಕು ಹಿಡಿದು ಬೋಟಿನ ನಡುವೆ ನಿಂತಿದ್ದ ಅವಳು ಸರಕ್ಕನೆ ತಿರುಗಿದಳು. ಕೂಗಿದ್ದು ಹೊಸ ಬೋಟಿನವನು. ಕೆಲಸಕ್ಕೆ ಸೇರಿದ ಮೊದಲ ದಿನವೇ ಇಷ್ಟು ಜೋರು!

"ಪ್ರವಾಸಿಗರಿಗೆ ಲೈಟ್‌ಹೌಸ್ ತೋರಿಸೋದು ನನ್ನ ಕೆಲಸ. ಕೂತ್ರೆ ಹಿಂದಿನವರಿಗೆ ಕಾಣಲ್ಲ."

"ಸುಸ್ತಾಗಿದೆ ನಿಮಗೆ. ಕಾಲು ನಡುಗ್ತಿದೆ."

"ನನ್ನ ಕಾಲು ನಾನು ನೋಡ್ಕೋತೀನಿ. ನೀವು ಬೋಟ್ ನೋಡ್ಕೊಳ್ಳಿ!"

ಪ್ರವಾಸಿಗರು ಕಿಸಕ್ಕನೆ ನಕ್ಕರು. ಅವನು ಇಂಜಿನ್ ಕಡೆ ತಿರುಗಿದ.

ಜೊತೆಯ ಗೈಡುಗಳು ಅವಳನ್ನು 'ರೇಡಿಯೋ' ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಕೋಟೆಯ ಮೆಟ್ಟಿಲು, ಮಧ್ಯಾಹ್ನ ಕಡಲದಂಡೆ, ಸಂಜೆ ದ್ವೀಪಕ್ಕೆ ಬೋಟು. ಹೋದಲ್ಲೆಲ್ಲ ಅದೇ ಕಥೆ, ಅದೇ ನಗು, ಅದೇ "ಫೋಟೋ ಇಲ್ಲಿಂದ ಚೆನ್ನಾಗಿ ಬರುತ್ತೆ ಸರ್!" ಮನೆ ಸೇರುವಷ್ಟರಲ್ಲಿ ಒಂದು ಮಾತೂ ಉಳಿದಿರುತ್ತಿರಲಿಲ್ಲ.

"ಊರಿಗೆಲ್ಲ ಉಪನ್ಯಾಸ, ಅಕ್ಕನಿಗೆ ಮಾತ್ರ ಉಪವಾಸ" ಎಂದು ಅಕ್ಕ ಗೊಣಗುತ್ತಿದ್ದಳು. ಅದಕ್ಕೆ ನಗಲು ಕೂಡ ತಂಗಿಗೆ ಆಯಾಸ.

ಆ ಸಂಜೆ ದ್ವೀಪದಿಂದ ಹಿಂದಿರುಗುವಾಗ ಬೋಟು ನಡುನೀರಿನಲ್ಲಿ ನಿಂತುಬಿಟ್ಟಿತು.

"ಇಂಜಿನ್ ಬಿಸಿಯಾಗಿದೆ. ಸ್ವಲ್ಪ ತಣ್ಣಗಾಗ್ಲಿ" ಎಂದ ಅವನು, ಅವಳ ಮುಖ ನೋಡದೆ.

ಹಾಳು ಬೋಟು! ಅವಳು ಲೈಫ್ ಜಾಕೆಟ್‌ಗಳ ರಾಶಿಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿದಳು. ತೆರೆದಾಗ ದಡ ಹತ್ತಿರವಿತ್ತು.

ಮರುದಿನವೂ ಬೋಟು ನಿಂತಿತು. ಅದರ ಮರುದಿನವೂ. ಅವಳು ಬೈಯುತ್ತಲೇ ಕೂರುತ್ತಿದ್ದಳು, ಕೂತಲ್ಲೇ ತೂಕಡಿಸುತ್ತಿದ್ದಳು. ಒಮ್ಮೆ ಎಚ್ಚರವಾದಾಗ ಅವನ ಛತ್ರಿ ಅವಳ ಮುಖಕ್ಕೆ ನೆರಳಾಗಿತ್ತು. ಗಾಳಿಗೆ ಉರುಳಿ ಬಂದಿರಬೇಕು ಅಂದುಕೊಂಡಳು. ಹಟಮಾರಿಗಳ ಪರವಾಗಿ ಗಾಳಿಯೂ ಸಾಕ್ಷಿ ಹೇಳುತ್ತದೆ ನೋಡಿ!

ಆದರೂ ಬೆಳಗಾದರೆ ಕೋಟೆಯ ಮೇಲಿಂದಲೇ ಕಣ್ಣು ಬೋಟು ನಿಲ್ಲುವ ಜೆಟ್ಟಿಯ ಮೇಲೆ ಅವನನ್ನೇ ಹುಡುಕುತ್ತಿತ್ತು. ಬೈಯಲಿಕ್ಕಾದರೂ ಅವನು ಬೇಕಾಗಿದ್ದ.

ಒಂದು ದಿನ ಪ್ರವಾಸ ನಡೆಸುವ ಮಾಲೀಕರು ಅವಳನ್ನು ಕರೆದು ಗದರಿದರು. "ದಿನಾ ಲೇಟು! ಜನ ದೂರು ಕೊಡ್ತಿದ್ದಾರೆ."

"ನಡುನೀರಲ್ಲಿ ಕೈಕೊಡೋ ಬೋಟಿಗೆ ನಾನೇನ್ ಮಾಡ್ಲಿ ಸಾರ್? ಬೋಟಿನವರನ್ನೇ ಕೇಳಿ!"

ಮರುದಿನ ಬೋಟಿನಲ್ಲಿ ಬೇರೆ ಯಾರೋ ಇದ್ದ.

"ಅವರೆಲ್ಲಿ?"

"ಕೆಲಸದಿಂದ ತೆಗೆದ್ರಂತೆ ಮೇಡಂ, ಇಂಜಿನ್ ನೋಡ್ಕೊಳ್ಳಲ್ಲ ಅಂತ. ಇವತ್ತೇ ಬೇರೆ ಬಂದರಿಗೆ ಹೊರಟಿದ್ದಾನೆ. ವಿಚಿತ್ರ ನೋಡಿ, ಇಂಜಿನ್ ಬೆಣ್ಣೆ ಇದ್ದ ಹಾಗಿದೆ!"

ಅವಳು ಹಿಂತಿರುಗಿ ಖಾಲಿ ಜೆಟ್ಟಿಯತ್ತ ನೋಡಿದಳು.

ಅಂದು ಬೋಟು ಎಲ್ಲೂ ನಿಲ್ಲಲಿಲ್ಲ. ದಾರಿಯುದ್ದಕ್ಕೂ ಪ್ರಶ್ನೆಗಳ ಸುರಿಮಳೆ. ಉತ್ತರಿಸಿ ಉತ್ತರಿಸಿ ಅವಳ ಗಂಟಲು ಕಟ್ಟಿಕೊಂಡಿತು. ಆ ವಾರ ಎರಡನೆಯ ಸಲ ದ್ವೀಪ ನೋಡಲು ಬಂದಿದ್ದ ಅಜ್ಜಿಯೊಬ್ಬರು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಎಲ್ಲಮ್ಮಾ ಆ ಹುಡುಗ? ಮೊನ್ನೆ ನಿನಗೆ ನಿದ್ದೆ ಹತ್ತಿದಾಗ ನಮ್ಮೆಲ್ಲರ ಹತ್ರ ಕೈಮುಗಿದ. 'ಇಂಜಿನ್‌ಗೆ ಏನೂ ಆಗಿಲ್ಲ. ಕೇಳಿದ್ರೆ ಸುಸ್ತಿಲ್ಲ ಅಂತಾರೆ, ಅದಕ್ಕೇ ನಿಲ್ಲಿಸ್ದೆ. ಐದು ನಿಮಿಷ ಮಲಗ್ಲಿ' ಅಂದ. ನಿನಗೆ ಗೊತ್ತಿಲ್ವಾ?"

ಅಯ್ಯೋ... ಏನು ಮಾಡಿಬಿಟ್ಟೆ ನಾನು!

ದಡ ಸೇರಿದ್ದೇ ತಡ, ಅವಳು ಮಾಲೀಕರ ಮುಂದೆ ನಿಂತು ಎಲ್ಲ ಒಪ್ಪಿಕೊಂಡಳು.

"ನಿದ್ದೆ ಮಾಡಿದ್ದು ನಾನು ಸಾರ್. ತೆಗೆಯೋದಾದ್ರೆ ನನ್ನನ್ನ ತೆಗೀರಿ."

ಮಾಲೀಕರು ಹಣೆ ಚಚ್ಚಿಕೊಂಡರು. "ಅವನು ಬಾಯಿಗೆ ಬೀಗ ಹಾಕ್ಕೊಂಡು ನಿಂತಿದ್ನಲ್ಲ! ಹೋಗು, ಕೆಲಸಕ್ಕೆ ಬರೋಕೆ ಹೇಳು. ಬಂದ್ರೆ..."

ಅವಳು ಬಸ್ ನಿಲ್ದಾಣಕ್ಕೆ ಓಡಿದಳು. ಅವನು ಅಲ್ಲೇ ಬೆಂಚಿನ ಮೇಲೆ ಕೂತಿದ್ದ, ಪಕ್ಕದಲ್ಲೊಂದು ಚೀಲ. ಅವಳು ಏದುಸಿರು ಬಿಡುತ್ತ ಎದುರು ನಿಂತಳು. ಬಂದದ್ದು ಪಿಸುದನಿ ಮಾತ್ರ.

"ನಿಜ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು."

"ನಿಮ್ಮದು ಹೋಯ್ತಲ್ಲ!"

"ನನಗೆ ಬಂದರುಗಳಿಗೇನು ಬರ..." ಅವನು ತಲೆ ತಗ್ಗಿಸಿದ. "ನಿಮ್ಮನ್ನ ಬಿಟ್ಟು ಹೋಗೋದೇ ಕಷ್ಟ. ಎರಡು ಬಸ್ಸು ಬಿಟ್ಟೆ. ಕಾಲೇ ಏಳ್ತಿಲ್ಲ."

ಎಷ್ಟು ದಿನಗಳ ದಣಿವೋ, ಅವಳ ಕಣ್ಣಿಂದ ಒಮ್ಮೆಲೇ ಹರಿಯಿತು. ಅವನ ಪಕ್ಕದಲ್ಲಿ ಕುಸಿದು ಕೂತಳು. ತುಟಿ ಅಲುಗಿತು.

"ಏನು? ಕೇಳಿಸ್ಲಿಲ್ಲ."

"ಹೋಗ್ಬೇಡಿ ಅಂದೆ... ನಿಮ್ಮನ್ನ ಪ್ರೀತಿಸ್ತೀನಿ ಅಂದೆ. ಆಗ್ಲೇ ಕೇಳಿಸ್ತು ನಿಮಗೆ!"

"ಕೇಳಿಸ್ತು." ಅವನು ನಕ್ಕ. ಕಣ್ಣು ಒದ್ದೆಯಾಗಿತ್ತು. "ಇನ್ನೊಂದ್ಸಲ ಹೇಳಿ."

"ಗಂಟಲು ನೋಯುತ್ತೆ..."

"ಹಾಗಾದ್ರೆ ಈಗ ಬೇಡ. ನಾಳೆ ಹೇಳಿ."

"ನಾಳೆ ಇರ್ತೀರಾ?"

"ಇರ್ತೀನಿ."